ಹೊನ್ನವ್ವನ ಊಟದ ಡಬ್ಬಿ

ಮಧ್ಯಾಹ್ನ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ನೀಲವ್ವ ಕೂತಿದ್ದ ಬೆಂಚಿಗೆ ಎದುರಿನ ಆಸ್ಪತ್ರೆಯ ಇಬ್ಬರು ನರ್ಸುಗಳು ಬಂದು ಬುತ್ತಿ ಬಿಚ್ಚಿದರು. ಕಿರಿಯಳು ಅವಳಿಗೂ ಒಂದು ಚಪಾತಿ ಚಾಚಿದಳು.

“ಬ್ಯಾಡವ್ವ ತಂಗಿ. ಶ್ರಾವಣ ಸೋಮವಾರ. ಹೊತ್ತು ಮುಣಗೂತನಕ ಏನೂ ತಿನ್ನಂಗಿಲ್ಲ.”

ಹಿರಿಯಳ ಕೈಯ ತುತ್ತು ಅಲ್ಲೇ ನಿಂತಿತು. “ನಿರ್ಮಲಾ, ಹೊನ್ನವ್ವಗ ಇನ್ಸುಲಿನ್ ಕೊಟ್ಟು ಬಂದಿಯೇನು?”

“ಹೂಂರಿ ಅಕ್ಕಾರ. ಬರೂ ಮುಂದ ಕೊಟ್ಟೆ.”

“ಉಂಡ್ಲೇನು?”

“ಡಬ್ಬಿ ಮುಂದನ ಇತ್ರಿ. ಈಗ ಉಣ್ತೇನಿ ಅಂದ್ಲು.”

“ತುತ್ತು ಬಾಯಾಗ ಹೋಗಿದ್ದು ನೋಡಿದಿ?”

“ಇಲ್ರಿ.”

“ಆಕಿ ಕೊಳ್ಳಾಗ ಲಿಂಗ, ಹಣಿ ತುಂಬ ವಿಭೂತಿ. ಇವತ್ತ ಯಾವ ವಾರ ಅಂತ ನಿನಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.”

“ಉಪಾಸ ಅಂತ ಆಕಿ ಹೇಳಬೇಕಿತ್ತಲ್ರಿ.”

“ಹೇಳಿದ್ರ ಬೈತೀವಿ ಅಂತ ಗೊತ್ತೈತಿ ಆಕಿಗೆ. ವಾರ್ಡಿಗೆ ಫೋನ್ ಹಚ್ಚು.”

“ರಿಂಗ್ ಆಗಾಕತ್ತೈತ್ರಿ. ಯಾರೂ ಎತ್ತವಲ್ರು.”

“ಹಂಗಾರ ಓಡು. ಮೈ ಬೆವತಿದ್ರ ಲಗೂ ಸಕ್ಕರಿ ನೀರು ಕುಡಸು. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ, ಡಾಕ್ಟರನ್ನ ಕರಿ. ನಾನೂ ಬಂದೆ.”

ಇಬ್ಬರೂ ರಸ್ತೆ ದಾಟಿ ಆಸ್ಪತ್ರೆಯ ಗೇಟಿನೊಳಗೆ ಮರೆಯಾದರು. ಬುತ್ತಿ ಬೆಂಚಿನ ಮೇಲೆ ಬಿಚ್ಚಿದ ಹಾಗೇ ಇತ್ತು.

ತಂಪು ಗಾಳಿ ಬೀಸುತ್ತಿದ್ದರೂ ನೀಲವ್ವನ ಅಂಗೈ ಬೆವೆತಿತ್ತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೈಗಿಡುವಾಗ ಸೊಸೆ, “ಅತ್ತಿ, ನಾಷ್ಟಾ ಆತೇನ್ರಿ?” ಎಂದು ಕೇಳಿದ್ದಳು. ನೀಲವ್ವ ಹೂಂ ಎಂದು ಗುಳಿಗೆ ನುಂಗಿದ್ದಳು.

ಅವಳು ಚಪಾತಿ ಮುರಿದು ಬಾಯಿಗಿಟ್ಟುಕೊಂಡಳು.