ಹಲ್ಲುನೋವಿನ ನೆಪ

ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅತ್ತಿಗೆ, ನಾದಿನಿ ಇಬ್ಬರು ನಿಂತಿದ್ದರು. ಅವರ ಜೊತೆ ಬಂದ ಗಂಡಸು ಮೆಟ್ಟಿಲ ಕೆಳಗೆ, ಬಾಯಲ್ಲಿ ಹತ್ತಿಯುಂಡೆ ಕಚ್ಚಿಕೊಂಡು ಗೋಡೆ ನೋಡುತ್ತಿದ್ದ.

"ಮನಸ್ಸಿನ ಡಾಕ್ಟರು ಹಲ್ಲಿನ ಕ್ಲಿನಿಕ್ಕಲ್ಲೇ ಕೂರ್ತಾರಲ್ಲ ಅತ್ತಿಗೆ?"

"ತಿಂಗಳಿಗೊಂದ್ಸಲ. ಇವತ್ತು ಬರ್ಲೇ ಇಲ್ಲ."

"ಬೇರೆ ಯಾರೂ ಇಲ್ವಾ?"

"ಈ ಕಡೆಗೆಲ್ಲಾ ಅವರೊಬ್ರೇ ಕಣೆ."

"ಮತ್ತೆ ಅಣ್ಣನ್ನ ಒಳಗ್ಯಾಕೆ ಕಳಿಸಿದ್ರಿ?"

"ಚೀಟಿ ಬರೆಯೋಳು ನಮ್ಮ ಬೀದಿಯವಳು, ಅವಳಿಗೆ ಗೊತ್ತಾಗ್ಬಾರ್ದು, ಹಲ್ಲುನೋವು ಅನ್ನಿ ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು? ನಾನು ಆಚೆ ಹೋಗಿ ಮನಸ್ಸಿನ ಡಾಕ್ಟರಿಗೆ ಫೋನ್ ಮಾಡಿ ಬರೋಷ್ಟ್ರಲ್ಲಿ ಹಲ್ಲಿನ ಡಾಕ್ಟರು ಇವರನ್ನ ಕುರ್ಚಿಗೆ ಒರಗಿಸಿ ಹಲ್ಲು ಕಿತ್ತಾಗಿತ್ತು."

"ಯಾವ ಹಲ್ಲು ಅಂತ ಕೇಳ್ಲಿಲ್ವಾ?"

"ಕೇಳಿದ್ರಂತೆ. ಇವರು ಒಂದನ್ನ ತೋರಿಸಿದ್ರಂತೆ. ಹುಳುಕೇ ಇಲ್ವಲ್ಲ ಅಂದ್ರೂ ಮತ್ತೆ ಮತ್ತೆ ಅದನ್ನೇ ತೋರಿಸಿದ್ರಂತೆ."

"ಅಯ್ಯೋ, ಗಟ್ಟಿ ಹಲ್ಲು!"

"ಮಾತು ಬಿಟ್ಟು ಎಷ್ಟು ತಿಂಗಳಾಯ್ತು. ಊಟಕ್ಕೆ ಕರೆದ್ರೂ ಗೋಡೆನೇ ನೋಡ್ತಾರೆ. ಕೀಳುವಾಗ ಒಂದ್ಸಲ ಕಿರುಚಿದ್ರೂ ನಂಗೆ ಸಮಾಧಾನ ಆಗ್ತಿತ್ತು."

"ಕಿರುಚ್ಲಿಲ್ವಾ?"

"ಇಲ್ಲ."

ಮಾತ್ರೆ ತೆಗೆದುಕೊಂಡು ಇಬ್ಬರೂ ಕೆಳಗಿಳಿದರು. ನಾದಿನಿ ಅವನ ತೋಳು ಹಿಡಿದಳು.

"ಈಗ ಎಲ್ಲಿ ನೋವು ಅಣ್ಣಾ?"

ಹೇಳಿದ ಮಾತು ಕೇಳುವ ಮಗುವಿನಂತೆ ಆತ ಬಾಯಿ ತೆರೆದು, ಕಿತ್ತ ಹಲ್ಲಿನ ಪಕ್ಕದ ಹಲ್ಲನ್ನು ತೋರಿಸಿದ.