ಮೂರು ಗಂಟೆ ಅಲುಗದವರು

ನಮ್ಮ ಚಿಕ್ಕಪ್ಪನ ಮಗಳು ತೆಗ್ವೆನ್‌ಗೇ ಆದದ್ದು ಇದು, ಯಾರೋ ಹೇಳಿದ್ದಲ್ಲ. ಚಾಪೆಲ್‌ನಲ್ಲಿ, ಅಂದರೆ ಊರಿನ ಪುಟ್ಟ ಚರ್ಚಿನಲ್ಲಿ, ಹಾಡಿನ ಅಭ್ಯಾಸ ಮುಗಿಸಿ ರಾತ್ರಿ ಮನೆಗೆ ಹೊರಟವಳು ಹಳೇ ಬಾವಿಯ ಹತ್ತಿರ ನಿಂತಳು. ಕೋಟಿನೊಳಗೆ ಕ್ಯಾಮೆರಾ.

ವೇಲ್ಸಿನ ನಮ್ಮ ಕಣಿವೆಗೆ ಅಣೆಕಟ್ಟು ಬರೋ ವರ್ಷ ಅದು. ಬಾವಿ ಪಕ್ಕದ ಸ್ಮಶಾನದಲ್ಲಿ "ಯಾರೂ ಇಲ್ಲ, ಎಲ್ಲರನ್ನೂ ಸಾಗಿಸಿಯಾಯ್ತು" ಅಂತ ಅಣೆಕಟ್ಟಿನ ಕಂಪನಿ ಬರೆದುಕೊಂಡಿತ್ತು. ಹಸೀ ಸುಳ್ಳು! ಅಲ್ಲೇ ಮಣ್ಣಾದ ನಮ್ಮ ಮಾರ್ಗೆಡ್ ಅಜ್ಜಿಯ ಒಂದು ಮೂಳೇನೂ ಅಲುಗಿರಲಿಲ್ಲ. ಬೆಳಗಾದರೆ ಮೇಲೆ ಸಿಮೆಂಟು ಸುರಿಯುವವರಿದ್ದರು. ಹಗಲೆಲ್ಲ ಕಾವಲು. ಸಮಾಧಿಕಲ್ಲುಗಳದ್ದಾದರೂ ಒಂದು ಫೋಟೋ ಉಳೀಲಿ ಅಂತ ಇವಳ ಹಟ.

ಬೆಳದಿಂಗಳು ಅಷ್ಟಕ್ಕಷ್ಟೆ. ಲೆಕ್ಕದ ಪ್ರಕಾರ ಇಪ್ಪತ್ತು ನಿಮಿಷ ಷಟರ್ ತೆರೆದಿಟ್ಟರೆ ಸಾಕು. ಆದರೆ ಮಬ್ಬಿನಲ್ಲಿ ಫಿಲ್ಮು ಮೈಗಳ್ಳ. ಹೊತ್ತು ಹೋದಷ್ಟೂ ಬೆಳಕು ಹಿಡಿಯೋದು ಕಡಿಮೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂರು ಗಂಟೆ ಬೇಡುತ್ತೆ. ನಡುವೆ ಓಡಾಡಿದವರು ಫೋಟೋದಲ್ಲಿ ಬೀಳಲ್ಲ. ಅಲುಗದೆ ನಿಂತವರಷ್ಟೇ ಬೀಳೋದು.

ಷಟರ್ ತೆರೆದಳು. ಟಕ್.

ಚರಕ್... ಚರಕ್... ಜಲ್ಲಿಕಲ್ಲಿನ ಮೇಲೆ ಹೆಜ್ಜೆ. ಒಂದಲ್ಲ, ಹತ್ತಾರು. ಕಣ್ಣಿಗೆ ಒಬ್ಬರೂ ಇಲ್ಲ.

"ಯಾರು?" ಪಿಸುಗುಟ್ಟಿದಳು.

"ನಾವೇ ಕಣೇ... ನಾವೂ ಬೀಳ್ತೀವಾ?" ಅಜ್ಜಿಯದೇ ದನಿ.

ಇವಳು ಓಡಲಿಲ್ಲ, ಗಟ್ಟಿಗಿತ್ತಿ! "ಬೀಳ್ತೀರ ಅಜ್ಜಿ. ಮೂರು ಗಂಟೆ ರೆಪ್ಪೆ ಮಿಟುಕಿಸಬಾರದು. ಆಗುತ್ತಾ?"

"ಹದಿನೆಂಟು ವರ್ಷ ಅಲುಗದೆ ಮಲಗಿದ್ದೀನಿ. ಮೂರು ಗಂಟೆ ಯಾವ ಮಹಾ? ತೆಗಿ!"

ಸದ್ದು ನಿಂತಿತು...

ಬೆಳಗಿನ ಜಾವ ಫಿಲ್ಮು ತೊಳೆದಳು. ಫೋಟೋದ ಆಕಾಶದಲ್ಲಿ ನಕ್ಷತ್ರಗಳು ಸರಿದು ಗೆರೆಗೆರೆಯಾಗಿದ್ದವು. ಕೆಳಗೆ ಹೆಗಲಿಗೆ ಹೆಗಲು ಕೊಟ್ಟು ತೀರಿಹೋದವರ ಊರಿಗೆ ಊರೇ ಕೈಕಟ್ಟಿ ನಿಂತಿತ್ತು. ಕೋಟಿನ ಗುಂಡಿ ಕೂಡ ಸ್ಪಷ್ಟ.

ಸೀದಾ ಕಂಪನಿ ಸಾಹೇಬನ ಮೇಜಿಗೆ ಫೋಟೋ ಬಡಿದಳು. "ಯಾರೂ ಇಲ್ಲ ಅಂದಿರಲ್ಲ, ನೋಡಿ!"

ಬದುಕಿರೋ ಊರಿನವರು ಅಂದುಕೊಂಡ ಪುಣ್ಯಾತ್ಮ. "ಓಹೋ, ಅಡ್ಡ ನಿಲ್ತಾರಾ? ಒಬ್ಬೊಬ್ಬರಿಗೂ ನೋಟಿಸು ಕೊಡ್ತೀನಿ. ಅಲ್ಲೀತನಕ ಸಿಮೆಂಟು ನಿಲ್ಲಲಿ. ಹೆಸರು ಹೇಳು."

ಕಲ್ಲಿನ ಮೇಲಿದ್ದ ಹೆಸರೆಲ್ಲ ಹೇಳಿದಳು.

"ವಿಳಾಸ?"

"ಬಾವಿ ಪಕ್ಕ."

ರಿಜಿಸ್ಟರ್ ಅಂಚೆಯಲ್ಲಿ ನೋಟಿಸು ಹೋದವು. ವಾರಕ್ಕೆ ಸಹಿಯಾದ ರಸೀದಿಗಳು ಕಂಪನಿಗೆ ವಾಪಸ್ಸು ಬಂದವು. ಒಂದನ್ನು ಬಿಟ್ಟು ಎಲ್ಲದರ ಮೇಲೂ ಒಂದೇ ಮಾತು: "ಒಪ್ಪುವುದಿಲ್ಲ." ಸಿಮೆಂಟಿನ ಲಾರಿ ಮತ್ತೆ ಬರಲೇ ಇಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ರಸೀದಿಗಳ ಕಟ್ಟು ನಾನೇ ಕಣ್ಣಾರೆ ಕಂಡೆ. ಅಜ್ಜಿಗೆ ಓದುಬರಹ ಗೊತ್ತಿರಲಿಲ್ಲ. ಅವಳ ರಸೀದಿಯಲ್ಲಿ ಸಹಿಯ ಬದಲು ಬರೀ ಒಂದು ಕತ್ತರಿ ಗುರುತಿತ್ತು... ಬೆರಳಿಟ್ಟೆ, ಮಸಿ ಇನ್ನೂ ಒಣಗಿರಲಿಲ್ಲ.