ತೆರೆ ಮೇಲಿನ ಆ ಕೂಗು ನಂದೇ

ಅಲ್ಲ ಕಣೋ ಕಾರ್ತಿ, ಅವಳು ಸಿನಿಮಾ ಮಧ್ಯದಲ್ಲಿ ಎದ್ದು ಬಂದಿದ್ದಕ್ಕೆ ನೀನ್ಯಾಕೆ ನಿನ್ನೆಯಿಂದ ಹಲ್ಲು ಕಿರೀತಾ ಇದೀಯ? ನಿನ್ನ ತಂಗಿ ಅಲ್ವೇನೋ ಅವಳು? ಆ ಹುಡುಗಿ ಮೇಲೆ ಬಲಾತ್ಕಾರ ಮಾಡೋ ಸೀನು ಬಂತು, ಇವಳಿಗೆ ನೋಡಕ್ಕಾಗಲಿಲ್ಲ, ಹೊರಗೆ ಬಂದು ಪಾಪ್‌ಕಾರ್ನ್ ಮಾರೋ ಕಡೆ ಬೆಂಚಿನ ಮೇಲೆ ಕೂತ್ಕೊಂಡ್ಳು. ಅಷ್ಟೇ ತಾನೆ? ನೀನು, ನಿನ್ನ ಸ್ನೇಹಿತರು ಎಲ್ಲ ಸೇರ್ಕೊಂಡು ಪುಕ್ಕಲಿ ಪುಕ್ಕಲಿ ಅಂತ ಆಡ್ಕೊಂಡ್ರಿ, ಬೆಳಗ್ಗೆಯಿಂದ ಅವಳು ಒಂದು ತುತ್ತು ಸರಿಯಾಗಿ ತಿಂದಿಲ್ಲ. ಅನು, ಬಾ ಪುಟ್ಟಿ, ಈ ಬಾಲ್ಕನೀಲಿ ಸ್ವಲ್ಪ ಗಾಳಿ ಬರ್ತಿದೆ, ನನ್ನ ಪಕ್ಕ ಕೂತ್ಕೋ. ಇವನನ್ನ ಕೇಳಿದ್ರೆ 'ಸುಮ್ಮಾ ನಡಿಪ್ಪುದಾನೇ ಪಾಟಿ' ಅಂತಾನೆ. ಬರೀ ನಟನೆ ತಾನೆ ಅಜ್ಜಿ, ಅಂತ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಲ್ಲಿ ಉತ್ತರ, ಅದಿರ್ಲಿ ಬಿಡು. ನಟನೆ ಅಂತ ನನಗೇ ಪಾಠ ಹೇಳಕ್ ಬರ್ತಾನಲ್ಲ! ಅಂಥ ಸೀನಿನ ಹುಡುಗಿ ಕೂಗು ಕೂಗೇ ನಾನು ಒಂದು ಕಾಲದಲ್ಲಿ ಈ ಮನೆ ಒಲೆ ಹಚ್ಚಿದ್ದು, ಗೊತ್ತಾ ನಿಮಗೆ?

ನಿಮ್ಮ ತಾತ ಕೆಲಸ ಮಾಡ್ತಿದ್ದ ಪ್ರೆಸ್ಸು ಮುಚ್ಚಿಹೋಯ್ತು. ನಾವು ಮೈಸೂರಿಂದ ಈ ತಮಿಳು ಸೀಮೆಗೆ ಬಂದು ಎರಡು ವರ್ಷ ಆಗಿತ್ತೋ ಏನೋ, ಅಲ್ಲ ಅಲ್ಲ, ನಿಮ್ಮಪ್ಪ ಅಂಬೆಗಾಲಿಡ್ತಿದ್ದ, ಹಾಗಾದ್ರೆ ಮೂರು ವರ್ಷ. ಪುರಸೈವಾಕ್ಕಂನಲ್ಲಿ ಒಂದೇ ರೂಮು, ಅದರಲ್ಲಿ ನಾವಿಬ್ಬರು, ಮಗು, ನಮ್ಮತ್ತೆ. ಎರಡು ಹೊತ್ತೂ ಗಂಜಿ. ಮಗುಗೆ ಹಾಲಿಲ್ಲ. ಆಗ ಕನ್ನಡ ಪಿಕ್ಚರ್ ಎಷ್ಟೋ ಇಲ್ಲೇ ಕೋಡಂಬಾಕ್ಕಂನಲ್ಲಿ ತಯಾರಾಗ್ತಿದ್ವು, ಗೊತ್ತಾ, ಕನ್ನಡ ಸ್ವಚ್ಛವಾಗಿ ಮಾತಾಡೋ ಹೆಂಗಸರು ಡಬ್ಬಿಂಗ್‌ಗೆ ಬೇಕು ಅಂತ ಪಕ್ಕದ ಮನೆಯವರು ಕರ್ಕೊಂಡು ಹೋಗಿ ಬಿಟ್ರು. ಮೊದಮೊದಲು ನರ್ಸಮ್ಮ, ನಾಯಕಿ ಗೆಳತಿ, ಬಾಗಿಲು ತೆಗೆಯೋ ಕೆಲಸದವಳು, ಇಂಥವಕ್ಕೆ ಧ್ವನಿ ಕೊಟ್ಟೆ. ಒಂದಿನ ಮಧ್ಯಾಹ್ನ, ಈ ಹುಡುಗಿಗೆ ಕಿರುಚಬೇಕಮ್ಮ ಅಂದ್ರು. ಕತ್ತಲೆ ರೂಮು, ಎದುರಿಗೆ ತೆರೆ ಮೇಲೆ ಆ ಹುಡುಗಿ ಬಲಾತ್ಕಾರದ ಸೀನು ತಿರುಗಿ ತಿರುಗಿ ಬರುತ್ತೆ, ಮುಂದೆ ಮೈಕು, ಪಕ್ಕದಲ್ಲಿ ಒಂದು ಲೋಟ ಬಿಸಿನೀರು. ಒಂದ್ಸಲ ಅಲ್ಲ, ಹತ್ತು ಸಲ, ಹದಿನೈದು ಸಲ. ನಾನು ನಿಜವಾಗ್ಲೂ ಗಂಟಲು ಹರಿಯೋ ಹಾಗೆ ಕೂಗಿದೆ. ರೆಕಾರ್ಡಿಂಗ್ ಮಾಡೋ ಮನುಷ್ಯ ಗಾಜಿನ ಆಚೆಯಿಂದ, 'ಇಷ್ಟು ಒರಟು ಬೇಡಮ್ಮ, ಸ್ವಲ್ಪ ಇಂಪಾಗಿರ್ಲಿ, ಜನಕ್ಕೆ ಹಿಡಿಸ್ಬೇಕು' ಅಂದ. ಕೂಗಾಟದಲ್ಲಿ ಎಂಥ ಇಂಪೋ! ಆದ್ರೂ ಮಾಡಿದೆ. ಮಗು ಮುಖ ನೆನೆಸ್ಕೊಂಡು ಮಾಡಿದೆ. ಮನೆಗೆ ಬರ್ತಾ ಹಾಲಿನ ಪುಡಿ ತಂದೆ, ಆದ್ರೆ ಅವತ್ತು ನನಗೆ ಊಟ ಸೇರಲಿಲ್ಲ.

ಮನೇಲಿ ಮಾತ್ರ ನಿಜ ಹೇಳಲಿಲ್ಲ. ನಾಯಕಿ ಗೆಳತಿ ಪಾತ್ರಕ್ಕೆ ಮಾತಾಡಿದೀನಿ ಅಂದೆ. ನಮ್ಮತ್ತೆಗೋ ಹಿಗ್ಗೋ ಹಿಗ್ಗು, ನಲ್ಲಿ ಹತ್ರ ಕೊಡ ಇಟ್ಕೊಂಡು ನಿಂತೋರಿಗೆಲ್ಲ, ನಮ್ಮ ಸೊಸೆ ಸಿನಿಮಾದಲ್ಲಿ ಮಾತಾಡ್ತಾಳೆ ಅಂತ ಸಾರಿಬಿಟ್ರು. ಆ ಪಿಕ್ಚರು ಇಲ್ಲೊಂದು ಥಿಯೇಟರಿಗೆ ಭಾನುವಾರ ಬೆಳಗಿನ ಆಟಕ್ಕೆ ಬಂತು. ಕರ್ಕೊಂಡು ಹೋಗಲೇಬೇಕು ಅಂತ ಅತ್ತೆ ಹಠ. ಆ ಸೀನನ್ನ ಸೆನ್ಸಾರಿನವರು ಕತ್ತರಿಸಿರ್ತಾರೆ ಅಂತ ಯಾರೋ ಹೇಳಿದ್ರು, ನಾನು ಪೆದ್ದಿ, ನಂಬಿಬಿಟ್ಟೆ. ಹೋದ್ರೆ, ಪೂರ್ತಿ ನಮ್ಮ ಕನ್ನಡದ ಜನವೇ ಕಣ್ರೋ. ರೈಲ್ವೆಯವರು, ಬ್ಯಾಂಕಿನವರು, ಯುಗಾದಿಗೆ ಒಟ್ಟಿಗೆ ಎಲೆ ಹಾಕ್ಕೊಂಡು ಊಟ ಮಾಡಿದವರು. ಮಧ್ಯಂತರಕ್ಕೆ ಮುಂಚೆ ಆ ಸೀನು ಬಂದೇಬಿಡ್ತು. ನಾನು ತೆರೆ ನೋಡಲಿಲ್ಲ, ಜನರನ್ನ ನೋಡಿದೆ. ಒಬ್ಬಾಕೆ ಮಡಿಲಲ್ಲಿ ಏನೋ ಹುಡುಕೋ ಹಾಗೆ ತಲೆ ಬಗ್ಗಿಸಿದ್ಳು. ಇನ್ನೊಬ್ಬಾಕೆ ಮಗೂ ಕಣ್ಣು ಮುಚ್ಚಿ ತಾನು ರೆಪ್ಪೆ ಹೊಡೀದೆ ನೋಡ್ತಿದ್ಳು, ಕಣ್ಣಲ್ಲಿ ನೀರು ಇಳೀತಾನೇ ಇತ್ತು. ಒಬ್ಬರು ಯಜಮಾನರು ಸುಮ್ಮಸುಮ್ಮನೆ ಕೆಮ್ಮಿದ್ರು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದ. ಎಲ್ಲಿ ಗೊತ್ತಾ? ನಾನು ಎಲ್ಲಿ ಇಂಪು ಮಾಡಿದ್ನೋ, ಸರಿಯಾಗಿ ಅಲ್ಲೇ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಅಷ್ಟರಲ್ಲಿ ನಮ್ಮತ್ತೆ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ನಿಮ್ಮಪ್ಪ ಹುಟ್ಟುವಾಗ ಇಡೀ ದಿನ ನಾನು ಕೂಗಿದ್ದು ಕೇಳಿದವರಲ್ವಾ, ಧ್ವನಿ ಗುರುತು ಸಿಕ್ಕಿಬಿಟ್ಟಿದೆ. ಎದ್ದೇಬಿಟ್ರು. ನಾವಿದ್ದದ್ದು ಸಾಲಿನ ಮಧ್ಯದಲ್ಲಿ. ಒಬ್ಬರಾದ್ರೂ ಕಾಲು ಮಡಚ್ಕೋಬೇಡ್ವಾ? ಇಲ್ಲ. ಕೂತ್ಕೊಳ್ಳಮ್ಮ, ಮರೆ ಆಗುತ್ತೆ ಅಂತ ಬೈದ್ರು, ಯಾರೋ ನಕ್ರು. ಎಲ್ಲರ ಮೊಣಕಾಲಿಗೂ ಢಿಕ್ಕಿ ಹೊಡ್ಕೊಂಡು, ಸೀರೆ ನೆರಿಗೆ ಹಿಡ್ಕೊಂಡು, ನನ್ನನ್ನ ದರದರ ಎಳ್ಕೊಂಡು ಹೊರಗೆ ಬಂದ್ರು. ಮುಗೀತು ನನ್ನ ಕಥೆ ಅನ್ಕೊಂಡೆ. ಸುಳ್ಳು ಹೇಳಿದ್ದು ಒಂದು, ಮಾನ ಕಳೆದಿದ್ದು ಇನ್ನೊಂದು, ಕೆಲಸ ಬಿಡಿಸ್ತಾರೆ, ಇನ್ನು ಮಗುಗೆ ಏನು ಹಾಕಲಿ? ಅಳ್ತಾ ಹೇಳಿದೆ, ಅತ್ತೆ, ಬರೀ ನಟನೆ, ನನಗೇನೂ ಆಗಿಲ್ಲ, ಪಕ್ಕದಲ್ಲಿ ಬಿಸಿನೀರು ಇಟ್ಟಿದ್ರು ಅಂತ. ಬಿಸಿನೀರಂತೆ, ನೋಡಿ ನನ್ನ ಬುದ್ಧಿ! ಅವರು ಸೆರಗಲ್ಲಿ ನನ್ನ ಮುಖ ಒರೆಸಿದ್ರು.

'ನಟನೆ ಅಂತ ನನಗೂ ಗೊತ್ತು ಕಣೆ. ಆದ್ರೆ ನೀನು ಅಲ್ಲಿ ಹಾಗೆ ಕೂಗ್ತಿದ್ರೆ, ನಾನು ಇಲ್ಲಿ ಕಾಲು ನೀಡ್ಕೊಂಡು ಹೇಗೆ ಕೂತಿರ್ಲಿ?'

ಅಷ್ಟೇ ಅಂದಿದ್ದು. ಮಧ್ಯಂತರಕ್ಕೆ ಸಿಗರೇಟು ಸೇದಕ್ಕೆ ಅಂತ ಬಂದ ಒಬ್ಬ, ನಮಗೆ ಗೊತ್ತಿದ್ದ ರೈಲ್ವೆ ಗುಮಾಸ್ತ, ಎಗ್ಮೋರ್ ಕಡೆ ಕ್ವಾರ್ಟರ್ಸ್‌ನಲ್ಲಿದ್ದ. ಹಿಂದಿನಿಂದ ಸಿಳ್ಳೆ ಹೊಡೆದು ನಕ್ಕವನು ಅವನೇ, ಧ್ವನಿ ಗುರುತು ನನಗೂ ಹಿಡಿಯುತ್ತೆ. ಯಾಕಮ್ಮ ಎದ್ದುಬಿಟ್ರಿ, ಸಿನಿಮಾ ತಾನೆ ಅಂತ ನಕ್ಕ. ಥೇಟ್ ನಿನ್ನ ಹಾಗೇ ಕಣೋ. ನಮ್ಮತ್ತೆ, 'ಹೌದಪ್ಪ, ಸಿನಿಮಾನೇ. ಕೂಗಿದ್ದು ಮಾತ್ರ ಇಗೋ, ಇವಳು' ಅಂದ್ರು. ಅವನು ನನ್ನ ಮುಖ ನೋಡಿದ. ತಲೆ ತಗ್ಗಿಸಿದ. ಬೆಲ್ ಹೊಡೆದ್ರೂ ಒಳಗೆ ಹೋಗಲಿಲ್ಲ, ಕೈಲಿದ್ದ ಸಿಗರೇಟೂ ಹಚ್ಚಲಿಲ್ಲ. ಕೆಟ್ಟವನಲ್ಲ ಅವನು, ಆಮೇಲೆ ನಿಮ್ಮ ತಾತನಿಗೆ ಕಾಮಾಲೆ ಆದಾಗ ಆಸ್ಪತ್ರೆಗೆ ಓಡಾಡಿದ್ದೂ ಅವನೇ. ಪಕ್ಕದವರು ನಗಲಿ ಅಂತ ಸಿಳ್ಳೆ ಹೊಡೀತಾನೆ, ಕತ್ತಲೆ ಬೇರೆ ಇರುತ್ತಲ್ಲ. ಆ ಸೀನು ನೋಡಿದ್ದೇ ತಪ್ಪು ಅಂತಾನೂ ನಾನು ಹೇಳ್ತಿಲ್ಲ. ಕಣ್ಣೀರು ಹಾಕ್ಕೊಂಡು ಕೊನೇವರೆಗೂ ಕೂತಿದ್ದವಳಿಗೆ ಒಳಗೆ ಏನಾಗ್ತಿತ್ತೋ, ನಾವ್ಯಾರು ಹೇಳಕ್ಕೆ?

ನಮ್ಮತ್ತೆ ಕೆಲಸ ಬಿಡು ಅನ್ನಲಿಲ್ಲ. ಆದ್ರೆ ಮುಂದಿನ ಸಲ ಅಂಥ ಸೀನಿಗೆ ಕರೆದಾಗ ನಾನು ಇಂಪು ಮಾಡಲಿಲ್ಲ. ಎಷ್ಟು ಸಲ ಹೇಳಿದ್ರೂ ಮಾಡಲಿಲ್ಲ, ನಿಮ್ಮಪ್ಪನ್ನ ಹೆತ್ತಾಗ ಕೂಗಿದ ಹಾಗೇ ಕೂಗಿದೆ. ರೆಕಾರ್ಡಿಂಗಿನವನು ಮುಖ ಸಿಂಡರಿಸ್ದ. ಕರೆಯೋದು ಕಮ್ಮಿ ಆಯ್ತು, ಆಮೇಲೆ ಬರೀ ಮುದುಕೀರ ಪಾತ್ರ ಕೊಟ್ರು. ಇಪ್ಪತ್ತಾರು ವರ್ಷಕ್ಕೇ ಮುದುಕಿ ನಾನು! ಗಂಜಿ ಇನ್ನೂ ಒಂದು ವರ್ಷ ಜಾಸ್ತಿ ಕುಡಿದ್ವಿ, ನಮ್ಮತ್ತೆ ಒಂದು ದಿನಾನೂ ಗೊಣಗಲಿಲ್ಲ.

ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗೇ ಹಿಂದಕ್ಕೆ ಬರುತ್ತೆ, ಆ ಕೈನ ಯಾರಾದ್ರೂ ಪುಕ್ಕಲು ಅಂತಾರೇನೋ? ಏಳು ಈಗ, ತಂಗಿಗೆ ಒಂದು ತಟ್ಟೆ ಮೊಸರನ್ನ ಕಲಸ್ಕೊಂಡು ಬಾ. ಇನ್ನೊಂದ್ಸಲ ಅವಳು ಎದ್ರೆ ನೀನೂ ಎದ್ದು ಹೋಗಬೇಕು ಅಂತೇನಿಲ್ಲಪ್ಪ. ಮೊಣಕಾಲಾದ್ರೂ ಮಡಚ್ಕೊಂಡು ದಾರಿ ಬಿಡು.